ಕಂಟೋನ್ಮೆಂಟಿನ ಬೋರ್ಡಿಲ್ಲದ ಖಾನಾವಳಿ: ರೊಟ್ಟಿಯೂ ಕೋವಿಡ್ ಶಿಸ್ತೂ

ಬಳ್ಳಾರಿಯ ಕಂಟೋನ್ಮೆಂಟ್ ಕಡೆ, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋಣೆ ಹಿಡಿದು ಇರುವ ಓಣಿಯೊಂದರಲ್ಲಿ ಬೋರ್ಡಿಲ್ಲದ ಖಾನಾವಳಿಯೊಂದಿದೆ. ಇಲ್ಲಿನ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಮತ್ತು ಶೇಂಗಾ ಹಿಂಡಿಗೆ ಪೂರ್ಣ ಅಂಕ ಕೊಡಬಹುದು. ಸಾರು ಮಾತ್ರ ಬಹುತೇಕ ದಿನ ತೆಳು. ಆದರೆ ಎಂ.ಎ. ಓದುವಾಗ ಇಲ್ಲಿ ತಿಂಗಳ ಲೆಕ್ಕದಲ್ಲಿ ಉಂಡ ನನಗೆ ಊಟಕ್ಕಿಂತ ಹೆಚ್ಚಾಗಿ ನೆನಪಿರುವುದು ಕೋವಿಡ್ ಕಾಲದಲ್ಲಿ ಈ ಖಾನಾವಳಿ ನಡೆದ ರೀತಿ. ಬೇರೆಡೆ ನಿಯಮಗಳಿಂದ ನುಣುಚಿಕೊಳ್ಳುತ್ತಿದ್ದ ಹುಡುಗರೇ ಇಲ್ಲಿ ಅವುಗಳನ್ನು ಪಾಲಿಸುತ್ತಿದ್ದರು.

ರಾಜ್ಯದಲ್ಲಿ 2021ರ ಜುಲೈ 26ರಂದು ಪದವಿ ಮತ್ತು ಸ್ನಾತಕೋತ್ತರ ತರಗತಿಗಳು ಮತ್ತೆ ಆರಂಭವಾದಾಗ, ಕನಿಷ್ಠ ಒಂದು ಡೋಸ್ ಲಸಿಕೆ ಪಡೆದವರಿಗೆ ಮಾತ್ರ ಪ್ರವೇಶವಿತ್ತು. ಮಾಸ್ಕ್ ಇಲ್ಲದಿದ್ದರೆ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 250 ರೂಪಾಯಿ ದಂಡ. ದಂಡದ ಭಯ ಕೆಲಸ ಮಾಡಲಿಲ್ಲವೆಂದಲ್ಲ. ಆದರೆ ಅದು ಪೊಲೀಸರು ಕಾಣುವವರೆಗೆ ಮಾತ್ರ ಕೆಲಸ ಮಾಡಿತು. ಗೇಟು ದಾಟಿದ ಕೂಡಲೇ ಮಾಸ್ಕ್ ಗದ್ದಕ್ಕೆ ಇಳಿಯುತ್ತಿತ್ತು.

ಖಾನಾವಳಿಯ ಅಕ್ಕನವರು ದಂಡದ ಮಾತನ್ನೇ ಎತ್ತಲಿಲ್ಲ. ಅವರ ವಯಸ್ಸಾದ ಅತ್ತೆ ಒಳಮನೆಯಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದುದು ಊಟದ ಪಡಸಾಲೆಗೆ ನೇರವಾಗಿ ಕಾಣುತ್ತಿತ್ತು. "ಮಾಸ್ಕ್ ಹಾಕ್ಕೊಂಡು ಒಳಗ ಬರ್ರಿ, ನಮ್ಮತ್ತಿಗೆ ಸಕ್ಕರಿ ಕಾಯಿಲಿ ಐತಿ" ಎಂದು ಒಮ್ಮೆ ಹೇಳಿದರೆ ಸಾಕಾಗುತ್ತಿತ್ತು. ತಮಗೇನೂ ಆಗುವುದಿಲ್ಲ ಎಂದುಕೊಂಡಿದ್ದ ಇಪ್ಪತ್ತರ ಆಸುಪಾಸಿನವರಿಗೆ ಸ್ವಂತ ಪ್ರಾಣಭಯ ದೊಡ್ಡ ಕಾರಣವಾಗಿರಲಿಲ್ಲ. ತಮ್ಮಿಂದ ಆ ಮುದುಕಿಗೆ, ಅಥವಾ ಶನಿವಾರ ಸಿರುಗುಪ್ಪಕ್ಕೋ ಸಂಡೂರಿಗೋ ಹೋದಾಗ ಮನೆಯಲ್ಲಿರುವ ಅಜ್ಜಿಗೆ, ಸೋಂಕು ತಗುಲೀತೆಂಬ ಚಿಂತೆಯೇ ಹೆಚ್ಚು ಕೆಲಸ ಮಾಡುತ್ತಿತ್ತು. 2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ಆಕ್ಸಿಜನ್ ಹಾಸಿಗೆಗೆ ಜನ ಪರದಾಡಿದ್ದನ್ನು ಕಂಡವರಿಗಂತೂ ಬೇರೆ ವಿವರಣೆ ಬೇಕಿರಲಿಲ್ಲ. ಜೊತೆಗೆ, ಎಲ್ಲರೂ ಮಾಸ್ಕ್ ಹಾಕಿ ಸಾಲಿನಲ್ಲಿ ನಿಂತಿರುವಾಗ ಒಬ್ಬನೇ ಬರಿಮುಖದಲ್ಲಿ ಬಂದರೆ ಅವನಿಗೇ ಮುಜುಗರ. ನಮ್ಮ ಕಾಲೇಜು ವಯಸ್ಸಿನಲ್ಲಿ ಸರ್ಕಾರಿ ಸುತ್ತೋಲೆಗಿಂತ ಗೆಳೆಯರ ಕಣ್ಣಿನ ಅಂಜಿಕೆ ದೊಡ್ಡದು.

ಆದರೂ ಈ ಖಾನಾವಳಿಯ ನಿಜವಾದ ಸೇವೆ ಎಂದು ನಾನು ಭಾವಿಸುವುದು ಅದರ ಡಬ್ಬಿ ವ್ಯವಸ್ಥೆಯನ್ನು. ಜ್ವರ, ಕೆಮ್ಮು ಇದ್ದವರು ಫೋನ್ ಮಾಡಿದರೆ ಎರಡು ಹೊತ್ತಿನ ಊಟ ಕೋಣೆಯ ಬಾಗಿಲಿಗೆ ಬರುತ್ತಿತ್ತು, ಅದಕ್ಕೆ ಹೆಚ್ಚಿಗೆ ಹಣವಿರಲಿಲ್ಲ. ಕೋಣೆಯಲ್ಲಿ ಒಬ್ಬರೇ ಇರುವ ವಿದ್ಯಾರ್ಥಿ ಜ್ವರವನ್ನು ಮುಚ್ಚಿಡುವುದು ಹಠಕ್ಕಲ್ಲ, ಹೊರಗೆ ಹೋಗದಿದ್ದರೆ ಉಪವಾಸ ಎಂಬ ಕಾರಣಕ್ಕೆ. ಇನ್ನೊಂದು ಕಾರಣ ಅಪನಂಬಿಕೆ: 2020ರ ಜೂನ್ ಕೊನೆಯಲ್ಲಿ ಇದೇ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಅದನ್ನು ನೋಡಿದ ಮೇಲೆ ಕೋವಿಡ್ ಪರೀಕ್ಷೆಗೆ ಹೋಗಲು ಹಿಂಜರಿದವರನ್ನು ಬೇಜವಾಬ್ದಾರಿ ಎಂದು ಬೈಯುವುದು ಸುಲಭ, ಆದರೆ ಅವರ ಅಂಜಿಕೆಗೆ ಆಧಾರವಿತ್ತು. ಊಟ ತಪ್ಪುವುದಿಲ್ಲ, ಯಾರೂ ಅವಮಾನಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನನ್ನ ಪಕ್ಕದ ಕೋಣೆಯವನು ಕೆಮ್ಮು ಶುರುವಾದ ದಿನವೇ ಅಕ್ಕನವರಿಗೆ ಫೋನ್ ಮಾಡಿ ತಾನಾಗಿಯೇ ಬಾಗಿಲು ಹಾಕಿಕೊಂಡ.

ಕೊರತೆಗಳೂ ಇದ್ದವು. ಡಬ್ಬಿಯ ರೊಟ್ಟಿ ಬರುವಷ್ಟರಲ್ಲಿ ಚರ್ಮದಂತೆ ಬಿರುಸಾಗಿರುತ್ತಿತ್ತು. ದೂರ ದೂರ ನಿಲ್ಲಲು ಹಾಕಿದ ಸುಣ್ಣದ ಗುರುತುಗಳು ಬಿಸಿಲಿನಲ್ಲೇ ಇದ್ದವು, ಬಳ್ಳಾರಿಯ ಬಿಸಿಲಿನಲ್ಲಿ ಯಾರು ತಾನೇ ನಿಂತಾರು? ಮೇಲೊಂದು ತಾಡಪಾಲು ಕಟ್ಟಿದ ಮೇಲಷ್ಟೇ ಸಾಲು ಸರಿಯಾಯಿತು. ಸ್ಯಾನಿಟೈಸರ್‌ನಲ್ಲಿ ನೀರೇ ಹೆಚ್ಚಿದ್ದಂತಿತ್ತು. ಆದರೆ ಬಾಗಿಲ ಬಳಿ ನಲ್ಲಿ, ಸೋಪು ಇಟ್ಟಿದ್ದರಿಂದ ಅದರ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ.

ಈಗ ಮಾಸ್ಕ್ ಇಲ್ಲ, ಸುಣ್ಣದ ಗುರುತೂ ಇಲ್ಲ. ಜ್ವರ ಬಂದವರಿಗೆ ಡಬ್ಬಿ ಕಳಿಸುವ ಪದ್ಧತಿ ಉಳಿದಿದೆ. ಹೊಸದಾಗಿ ಕೋಣೆ ಹುಡುಕುತ್ತಿರುವ ವಿದ್ಯಾರ್ಥಿಗಳು ತಿಂಗಳ ಹಣ ಕಟ್ಟುವ ಮೊದಲು ಆ ವಿಷಯ ಕೇಳಿಕೊಳ್ಳಲಿ, ಭಾನುವಾರ ರಾತ್ರಿ ಊಟ ಇರುವುದಿಲ್ಲವೆಂಬುದನ್ನೂ ತಿಳಿದಿರಲಿ.