ರಾಯಚೂರಿನ ಬಿಸಿಲಲ್ಲಿ ಬೇಗಲ್: ಸೋಡಾ ನೀರೋ, ಬೆಲ್ಲದ ನೀರೋ?

ಬೇಗಲ್ ಅಂದ್ರೆ ಕೊಡುಬಳೆ ಆಕಾರದ ಬ್ರೆಡ್ಡು. ಬೇರೆ ಬ್ರೆಡ್ಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ, ಬೇಯಿಸೋ ಮೊದಲು ಇದನ್ನು ಕುದಿಯುವ ನೀರಲ್ಲಿ ಹಾಕಿ ತೆಗೆಯಬೇಕು. ಯಾಕೆ ಅಂತ ಅಮ್ಮನಿಗೆ ಹೇಳೋಕೆ ಕಷ್ಟವಾಗಲಿಲ್ಲ. ಜೋಳದ ಹಿಟ್ಟಿಗೆ ಜಿಗುಟು ಇರಲ್ಲ, ಅದಕ್ಕೇ ರೊಟ್ಟಿಗೆ ಕುದಿನೀರು ಹಾಕಿ ಕಲಸ್ತೀವಿ, ಆ ಬಿಸಿಗೆ ಹಿಟ್ಟು ಬೆಂದು ಅಂಟು ಬರುತ್ತದೆ ಅಲ್ವಾ? ಬೇಗಲ್ ಮೇಲೂ ಅದೇ ಆಗುತ್ತದೆ, ಹೊರಗಿನ ಪದರ ಮಾತ್ರ ನೀರಲ್ಲಿ ಬೆಂದು ಬಿಗಿಯಾಗುತ್ತದೆ, ಆಮೇಲೆ ಓವನ್ನಿನಲ್ಲಿ ಜಾಸ್ತಿ ಉಬ್ಬೋಕೆ ಬಿಡಲ್ಲ. ಒಳಗೆ ಒತ್ತಾಗಿ, ಜಗಿಯೋ ಹಾಗೆ ಇರೋದು ಇದರಿಂದ.

ಪೋಲೆಂಡಿನ ಕ್ರಾಕೋವ್ ಊರಿನ ಯಹೂದಿಗಳ 1610ರ ಕಟ್ಟಳೆಗಳಲ್ಲೇ ಬೇಗಲ್ ಹೆಸರಿದೆ. ಈಗ ಹೆಸರಾಗಿರೋದು ಎರಡು ಬಗೆ. ನ್ಯೂಯಾರ್ಕಿನದು ದಪ್ಪ, ಅದಕ್ಕೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ) ಬಳಸ್ತಾರೆ. ಮಾಂಟ್ರಿಯಲ್‌ನದು ಸಣ್ಣದು, ಸ್ವಲ್ಪ ಸಿಹಿ, ಜೇನು ಹಾಕಿದ ನೀರಲ್ಲಿ ಕುದಿಸಿ ಸೌದೆ ಒಲೆಯಲ್ಲಿ ಬೇಯಿಸ್ತಾರೆ. ನನಗೆ ಇಲ್ಲಿ ಬಾರ್ಲಿ ಮಾಲ್ಟ್ ಸಿಗಲಿಲ್ಲ, ಒಂದು ಪಾತ್ರೆ ನೀರಿಗೆ ಜೇನು ಸುರಿಯೋಕೆ ಮನಸ್ಸಾಗಲಿಲ್ಲ. ಹಾಗಾಗಿ ಬರೀ ನೀರು, ಅಡುಗೆ ಸೋಡಾ ಹಾಕಿದ ನೀರು, ಬೆಲ್ಲದ ನೀರು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಹಿಟ್ಟಿನ ಅಳತೆ ಎಲ್ಲಕ್ಕೂ ಒಂದೇ: 500 ಗ್ರಾಂ ಮೈದಾ, 275 ಗ್ರಾಂ ನೀರು, 9 ಗ್ರಾಂ ಉಪ್ಪು, 15 ಗ್ರಾಂ ಬೆಲ್ಲ, 3 ಗ್ರಾಂ ಇನ್‌ಸ್ಟಂಟ್ ಈಸ್ಟ್. ನೂರು ಗ್ರಾಂನ 8 ಉಂಡೆ ಆಗುತ್ತವೆ. ಪೂರಿ ಹಿಟ್ಟಿನಷ್ಟು ಗಟ್ಟಿ ಇರುತ್ತದೆ, ಹದಿನೈದು ನಿಮಿಷ ನಾದಲೇಬೇಕು, ತೋಳು ನೋಯುತ್ತದೆ. ಅರ್ಧ ಗೋಧಿ ಹಿಟ್ಟು ಬೆರೆಸಿಯೂ ನೋಡಿದೆ. ರುಚಿ ಚೆನ್ನಾಗಿತ್ತು, ಆದರೆ ಅದರಲ್ಲಿರೋ ತೌಡು ಅಂಟಿನ ಎಳೆಗಳನ್ನು ಕಡಿಯುತ್ತದೆ, ಜಗಿಯೋ ಗುಣ ಹೋಯ್ತು. ಗ್ಲುಟೆನ್ ಪುಡಿ (ಗೋಧಿಯ ಅಂಟಿನ ಪುಡಿ) ಸಿಕ್ಕರೆ ಎರಡು ಚಮಚ ಮೈದಾಗೆ ಸೇರಿಸಿ. ಇಲ್ಲದಿದ್ರೂ ನಡೆಯುತ್ತದೆ.

ನೀರಿನ ಮಾತಿಗೆ ಬರೋ ಮೊದಲು ಇನ್ನೊಂದು ಹೋಲಿಕೆ ಹೇಳಬೇಕು, ನನಗೆ ಅದೇ ಮುಖ್ಯ ಅನ್ನಿಸಿದ್ದು. ಅದೇ ದಿನ ಮಾಡೋದೋ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಮಾಡೋದೋ? ತಂಪು ಊರಿನವರ ವಿಧಾನ ಓದಿದರೆ ಒಂದು ಗಂಟೆ, ಒಂದೂವರೆ ಗಂಟೆ ಉಬ್ಬೋಕೆ ಬಿಡಿ ಅಂತಾರೆ. ನಮ್ಮ ಮೇ ತಿಂಗಳಲ್ಲಿ ಅಡುಗೆಮನೆಯೇ 38 ಡಿಗ್ರಿ ಇತ್ತು, ಹಿಟ್ಟು ಮುಕ್ಕಾಲು ಗಂಟೆಯೊಳಗೆ ಎರಡರಷ್ಟಾಯ್ತು. ಬಳೆ ಮಾಡಿ, ಮೊದಲ ನಾಲ್ಕನ್ನು ಕುದಿಸಿ ತೆಗೆಯೋ ಹೊತ್ತಿಗೆ ಉಳಿದ ನಾಲ್ಕು ಮಿತಿಮೀರಿ ಉಬ್ಬಿ, ಕೈಯಲ್ಲಿ ಎತ್ತಿದ್ರೆ ಜೋಲಾಡ್ತಿದ್ದವು, ನೀರಿಗೆ ಹಾಕಿದ ಕೂಡಲೇ ಸುಕ್ಕುಗಟ್ಟಿ ಚಪ್ಪಟೆಯಾದವು. ತುಂಬಾ ಬೇಜಾರಾಯ್ತು, ಅಷ್ಟೊತ್ತು ನಾದಿದ ಹಿಟ್ಟು ಅದು.

ಮುಂದಿನ ವಾರ ಐಸ್ ನೀರಲ್ಲಿ ಕಲಸಿದೆ, ಬರೀ 20 ನಿಮಿಷ ಹೊರಗಿಟ್ಟೆ, ಬಳೆ ಮಾಡಿ ಎಣ್ಣೆ ಸವರಿದ ತಟ್ಟೆಯಲ್ಲಿ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಆರಕ್ಕೆ ಒಂದನ್ನು ತಣ್ಣೀರಿಗೆ ಹಾಕಿ ನೋಡಿದೆ, ತೇಲಿತು. ತೇಲಿದರೆ ತಯಾರಾಗಿದೆ ಅಂತ ಅರ್ಥ. ಎಂಟೂ ಗಟ್ಟಿಯಾಗಿ ನಿಂತಿದ್ದವು, ಫ್ರಿಜ್ಜಿಂದ ಒಂದೊಂದೇ ತೆಗೆದು ನೇರವಾಗಿ ಪಾತ್ರೆಗೆ ಹಾಕಿದೆ, ಅವಸರವೇ ಇರಲಿಲ್ಲ. ಬೆಂದ ಮೇಲೆ ಮೈತುಂಬ ಸಾಸಿವೆಯಷ್ಟು ಸಣ್ಣ ಸಣ್ಣ ಗುಳ್ಳೆ ಬಂದವು. ನಿಧಾನವಾಗಿ ಹುದುಗಿದ್ದರಿಂದ ರುಚಿಯೂ ಬೇರೆ, ಈಸ್ಟಿನ ವಾಸನೆ ಹೋಗಿ ಒಂಚೂರು ಹುಳಿ, ಒಂಚೂರು ಗೋಧಿಯ ಘಮ. ಈ ಬಿಸಿಲಿಗೆ ಫ್ರಿಜ್ ದಾರಿಯೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ.

ಬಳೆ ಮಾಡೋದರಲ್ಲೂ ಎರಡು ದಾರಿ. ಉಂಡೆಯ ನಡುವೆ ಬೆರಳು ತೂರಿಸಿ ತೂತು ಅಗಲ ಮಾಡೋದು ಸುಲಭ. ಕೊಡುಬಳೆ ಥರ ಹೊಸೆದು ತುದಿ ಸೇರಿಸಿದರೆ ಚಂದ ಕಾಣುತ್ತದೆ, ಆದರೆ ಮಣೆಗೆ ಎಣ್ಣೆ ತಾಗಿದ್ದರೆ ನೀರಲ್ಲಿ ತುದಿ ಬಿಚ್ಚಿಕೊಳ್ಳುತ್ತದೆ. ನಾನು ಹೊಸೆಯೋದೇ.

ಈಗ ನೀರು. ಒಂದೊಂದು ಬದಿ 45 ಸೆಕೆಂಡ್, ಆಮೇಲೆ 220 ಡಿಗ್ರಿಯ ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ) 20 ನಿಮಿಷ. ಬರೀ ನೀರಿನದು ಜಗಿಯೋಕೆ ಚೆನ್ನಾಗಿತ್ತು, ಬಣ್ಣ ಮಾತ್ರ ಪೇಲವ. ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ್ದು ಎಲ್ಲಕ್ಕಿಂತ ಬೇಗ ಕೆಂಪಾಯ್ತು. ಕ್ಷಾರ ಇದ್ದರೆ ಹಿಟ್ಟಿನ ಮೈ ಓವನ್ನಿನಲ್ಲಿ ಬೇಗ ಬಣ್ಣ ತಿರುಗುತ್ತದೆ, ಹೊಳಪೂ ಬರುತ್ತದೆ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಆದರೆ ಸೋಡಾಕ್ಕೆ ಕಪ್ಪಾಗುತ್ತದೆ. ಆದರೆ ಬಿಸಿ ಬಿಸಿ ಕಚ್ಚಿದಾಗ ತುದಿ ನಾಲಿಗೆಗೆ ಸಾಬೂನಿನಂಥ ಒಂದು ರುಚಿ ಸಿಕ್ಕಿತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ, ನನಗೆ ಮಾತ್ರ ಅದು ಬಿಡಲಿಲ್ಲ.

ಬೆಲ್ಲದ ನೀರು, ಲೀಟರಿಗೆ ಎರಡು ದೊಡ್ಡ ಚಮಚ. ಸೋಡಾದಷ್ಟು ಕೆಂಪಾಗಲಿಲ್ಲ, ಜೇನಿನ ಬಣ್ಣ ಬಂತು. ಅಡಿ ಬೇಗ ಸೀಯುತ್ತದೆ, ಹದಿನೈದು ನಿಮಿಷ ಆದ ಕೂಡಲೇ ಒಂದ್ಸಲ ನೋಡಬೇಕು. ಆದರೆ ಮೇಲ್ಪದರ ಕಟ್ ಅಂತ ಮುರಿಯುತ್ತದೆ, ಬೆಲ್ಲ ಸುಟ್ಟ ಘಮ ಮನೆತುಂಬ. ಕಟ್ಟಿದ ಮೊಸರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದರೆ ಆ ಖಾರಕ್ಕೆ ಈ ಸಣ್ಣ ಸಿಹಿ ಸರಿಯಾಗಿ ಕೂರುತ್ತದೆ. ನನ್ನ ಆಯ್ಕೆ ಇದೇ. ಬಣ್ಣವೇ ಮುಖ್ಯ ಅನ್ನೋರು ಸೋಡಾ ಹಿಡಿಯಿರಿ, ಅರ್ಧ ಚಮಚ ಸಾಕು.

ಮೇಲೆ ಹಾಕೋಕೆ ಬಿಳಿ ಎಳ್ಳಿಗಿಂತ ಗುರೆಳ್ಳು ನನಗೆ ಹಿಡಿಸಿತು. ನೀರಿಂದ ತೆಗೆದ ಕೂಡಲೇ ಉದುರಿಸಬೇಕು, ಒಣಗಿದರೆ ಅಂಟಲ್ಲ. ಅವತ್ತೇ ತಿನ್ನಿ, ಮರುದಿನಕ್ಕೆ ಗಟ್ಟಿಯಾಗುತ್ತದೆ. ಉಳಿದರೆ ಅಡ್ಡಕ್ಕೆ ಕೊಯ್ದು, ರೊಟ್ಟಿ ಹೆಂಚಿನ ಮೇಲೆ ಬೆಣ್ಣೆ ಹಚ್ಚಿ ಕೊಯ್ದ ಬದಿ ಕೆಳಗೆ ಮಾಡಿ ಎರಡು ನಿಮಿಷ ಒತ್ತಿ ಹಿಡಿದರೆ ಮತ್ತೆ ಮೆತ್ತಗಾಗುತ್ತದೆ.