ನೀರಿಗೆ ಬಿದ್ದ ಕ್ಯಾಮೆರಾ: ಮಂಡಕ್ಕಿ ಚೀಲವೋ, ಫ್ಯಾನೋ, ಸಿಲಿಕಾ ಜೆಲ್ಲೋ?

ಮೊದಲೇ ಹೇಳಿಬಿಡ್ತೀನಿ, ನೆಂದ ಕ್ಯಾಮೆರಾ ಒಣಗಿಸೋಕೆ ನನ್ನ ಓಟು ತೇವ ಹೀರುವ ಹರಳಿಗೆ, ಅಂದರೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್‌ಗೆ. ಸೂಳೆಕೆರೆ ದಂಡೆಯಲ್ಲಿ ಕ್ಯಾಮೆರಾ ಜಾರಿದರೂ, ದುರ್ಗದ ಅಕ್ಕತಂಗಿ ಹೊಂಡದಲ್ಲಿ ಮುಳುಗಿದರೂ ಪಕ್ಕದವರು ಹೇಳೋದು ಒಂದೇ: ಅಕ್ಕಿ ಡಬ್ಬಿಗೆ ಹಾಕಿ. ದಾವಣಗೆರೆಯಾದರೆ ಮಂಡಕ್ಕಿ ಚೀಲ! ಮಂಡಕ್ಕಿ ತೇವ ಎಳೆಯೋದು ನಿಜ, ಬಿಟ್ಟಿಟ್ಟರೆ ಮೆತ್ತಗಾಗೋದು ಅದಕ್ಕೇ. ಆದರೆ ಅದರಲ್ಲಿ ಉಪ್ಪಿರುತ್ತೆ. ಒದ್ದೆ ಸರ್ಕ್ಯೂಟಿಗೆ ಉಪ್ಪಿನ ಪುಡಿ ತಗುಲಿದರೆ ತಾಮ್ರ ಹಸಿರುಗಟ್ಟುತ್ತೆ. ಅಕ್ಕಿಯ ಹಿಟ್ಟು ಫೋಕಸ್ ರಿಂಗಿನ ಸಂದಿಯಲ್ಲಿ ಅಂಟಾಗಿ ಕೂರುತ್ತೆ.

ಯಾವ ದಾರಿ ಹಿಡಿದರೂ ಮೊದಲು ಬ್ಯಾಟರಿ ಹೊರಗೆ, ಆಮೇಲೆ ಕಾರ್ಡು, ಲೆನ್ಸು. ಆನ್ ಆಗುತ್ತಾ ನೋಡೋಣ ಅನ್ನೋದೇ ಕ್ಯಾಮೆರಾನ ಕೊಲ್ಲೋದು: ನೀರಿನಲ್ಲಿ ಕರೆಂಟು ಹರಿದರೆ ಸರ್ಕ್ಯೂಟಿನ ಗೆರೆಗಳು ಸವೆದುಹೋಗುತ್ತವೆ. ಜೂಮ್ ರಿಂಗ್ ತಿರುಗಿಸಬೇಡಿ, ಅದು ಪಂಪಿನ ಹಾಗೆ ನೀರನ್ನ ಒಳಕ್ಕೆ ಎಳೆಯುತ್ತೆ. ಬಾಡಿಯ ಬಾಯಿ ಕೆಳಮುಖವಾಗಿರಲಿ. ಕೆಸರು ಹತ್ತಿದ್ದರೆ ಹೊರಮೈಯನ್ನ ಬೋರ್‌ವೆಲ್ ನೀರಲ್ಲಿ ಒರೆಸಬೇಡಿ, ಬಿಳಿ ಕಲೆ ಕಟ್ಟುತ್ತೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಹೇರ್ ಡ್ರೈಯರ್ ಬೇಡ. ಬಿಸಿಗೆ ಒಳಗಿನ ಭಾಗಗಳ ಅಂಟು ಬಿಡುತ್ತೆ.

ಫ್ಯಾನನ್ನ ಹಗುರವಾಗಿ ತೆಗೆದುಹಾಕೋ ಹಾಗಿಲ್ಲ. ಚಿತ್ರದುರ್ಗದ ಏಪ್ರಿಲ್ ಗಾಳಿಯಲ್ಲಿ ಅದು ಜೆಲ್‌ಗೇ ಪೈಪೋಟಿ ಕೊಡುತ್ತೆ, ಖರ್ಚೂ ಇಲ್ಲ. ಜಿಟಿಜಿಟಿ ಮಳೆ ಹಿಡಿದಾಗ ಮಾತ್ರ ತೇವದ ಗಾಳಿಯನ್ನೇ ತಿರುಗಿಸುತ್ತಾ ಕೂರುತ್ತೆ.

ಇನ್ನು ಜೆಲ್ಲಿನ ರಗಳೆ. ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಕೂಡಿಟ್ಟವರು ಬಹಳ. ಅವು ಡ್ರಾಯರಿನಲ್ಲಿ ಬಿದ್ದಲ್ಲೇ ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಒಳಗಿರೋದು ಬಿಳಿ ಹರಳು, ಆರಿದೆಯೋ ಇಲ್ಲವೋ ನೋಡಿದರೆ ಗೊತ್ತಾಗಲ್ಲ. ಕಿತ್ತಳೆಯದು ತೇವ ತುಂಬಿದ ಮೇಲೆ ಕಡುಹಸಿರಾಗುತ್ತೆ, ಅನುಮಾನವೇ ಇಲ್ಲ.

ಹಸಿರಾಗಿದ್ದನ್ನ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗೋ ತನಕ ಕೈಯಾಡಿಸಬೇಕು. ಓವನ್ ಇದ್ದರೆ 120 ಡಿಗ್ರಿಯಲ್ಲಿ 2 ತಾಸು. ಅವಸರಕ್ಕೆ ಉರಿ ಜೋರು ಮಾಡಿದರೆ ಬಣ್ಣವೇ ಸುಟ್ಟುಹೋಗುತ್ತೆ. ಆಮೇಲೆ ಅದೂ ಶೂ ಡಬ್ಬಿಯ ಹರಳಿನ ಹಾಗೇ, ಆರಿದೆಯೋ ಇಲ್ಲವೋ ದೇವರೇ ಬಲ್ಲ. ಇನ್ನೊಂದು, ಹರಳನ್ನ ಬಿಡಿಯಾಗಿ ಸುರಿಯಬೇಡಿ, ಉರುಳಿ ಲೆನ್ಸ್ ಕೂರುವ ಬಾಯಿಯೊಳಗೆ ಸೇರುತ್ತವೆ. ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ರಬ್ಬರ್ ಅಂಚಿನ ಮುಚ್ಚಳವಿರುವ 5 ಲೀಟರ್ ಡಬ್ಬಿಗೆ ಕ್ಯಾಮೆರಾ ಜೊತೆ ಅರ್ಧ ಕೆಜಿ ಹಾಕಿ ಮುಚ್ಚಿ. ಸ್ಟೀಲ್ ಡಬ್ಬಿಯ ಮುಚ್ಚಳ ಗಾಳಿ ತಡೆಯಲ್ಲ.

ವರ್ಷಕ್ಕೆ ನಾಲ್ಕು ಸಲ ಕೆರೆ ದಂಡೆಗೆ ಹೋಗುವವರಿಗೆ ಒಂದು ಕೆಜಿ ಜೆಲ್ ದುಬಾರಿಯಲ್ಲ, ಕಾಯಿಸಿ ಕಾಯಿಸಿ ಬಳಸಬಹುದು. ಸಮುದ್ರದ ನೀರಿಗೆ ಬಿದ್ದಿದ್ದರೆ ಮಾತ್ರ ಡಬ್ಬಿಯ ಆಸೆ ಬಿಟ್ಟು ನೇರ ರಿಪೇರಿಗೆ. ಮನೆಯಲ್ಲೇ ಬಿಚ್ಚೋಕೆ ಹೋಗಬೇಡಿ, ಒಳಗೆ ಫ್ಲ್ಯಾಶ್ ಇದ್ದರೆ ಅದರ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು.

ಆರಿದ್ದು ಹೇಗೆ ಗೊತ್ತಾಗೋದು? ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಕ್ಯಾಮೆರಾ ತೂಗಿ. ಎರಡು ದಿನ ಒಂದು ಗ್ರಾಮೂ ಇಳಿಯದಿದ್ದರೆ ಟಾರ್ಚ್ ಬಿಟ್ಟು ಲೆನ್ಸಿನೊಳಗೆ ನೋಡಿ. ಮಂಜು ಕಂಡರೆ ಮತ್ತೆ ಡಬ್ಬಿಗೆ. ಕಾಣದಿದ್ದರೆ ಬ್ಯಾಟರಿ ಹಾಕಬಹುದು, ನೀರು ಕುಡಿದ ಹಳೇದಲ್ಲ, ಬೇರೆಯದು.