ಓದಲಷ್ಟೇ ಬಿಟ್ಟ ಏಜೆಂಟ್: ಗಂಗಾವತಿಯ ರೈಸ್ ಮಿಲ್‌ನಲ್ಲಿ ಒಂದು ಹಂಗಾಮು

ನಮ್ಮ ರೈಸ್ ಮಿಲ್‌ನ ಡೇಟಾಬೇಸ್‌ಗೆ, ಕೇಳಿದ ಪ್ರಶ್ನೆಗೆ ತಾನೇ ಹುಡುಕಿ ಉತ್ತರ ಕೊಡುವ ಎಐ ಏಜೆಂಟ್ ಹಚ್ಚಿ ಮುಂಗಾರು ಹಂಗಾಮು ಪೂರ್ತಿ ನಡೆಸಿದ್ದೇವೆ. ಏಜೆಂಟ್ ಡೇಟಾ ಅಳಿಸಿಬಿಟ್ಟರೆ ಏನು ಗತಿ ಎಂಬ ಭಯಕ್ಕೆ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನಲ್ಲಿ ಗಟ್ಟಿ ಬಂದೋಬಸ್ತ್ ಇದೆ. ನನ್ನ ತಕರಾರು ಬೇರೆ. ಒಂದಕ್ಷರ ಬರೆಯಲು ಬಿಡದಿದ್ದರೂ, ಇದ್ದದ್ದನ್ನು ತಪ್ಪು ಓದಿ ಅದು ವ್ಯಾಪಾರ ಕೆಡಿಸಬಲ್ಲದು.

ಬಂದೋಬಸ್ತಿನ ಮಾತು ಮೊದಲು ಮುಗಿಸುತ್ತೇನೆ. ‘ಏನನ್ನೂ ಅಳಿಸಬೇಡ, ತಿದ್ದಬೇಡ’ ಎಂದು ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಬರೆದುಕೊಡುವ ಸೂಚನೆಯಲ್ಲಿ) ಹೇಳಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಸಾಲದು. ಡೇಟಾಬೇಸ್ ಜೊತೆಗಿನ ಅದರ ಸಂಪರ್ಕವನ್ನು, ಅಂದರೆ ಸೆಷನ್ನನ್ನು, ರೀಡ್ ಓನ್ಲಿ (ಓದಲು ಮಾತ್ರ) ಮಾಡಿಟ್ಟರೂ ಸಾಲದು, ಆ ಸೆಟ್ಟಿಂಗನ್ನು ಅದೇ ಸೆಷನ್ ಒಳಗಿನಿಂದ ತೆಗೆದುಹಾಕಬಹುದು. 2025ರಲ್ಲಿ ಡೇಟಾಡಾಗ್ ಎಂಬ ಸಾಫ್ಟ್‌ವೇರ್ ಕಂಪನಿಯ ಸಂಶೋಧಕರು ಇಂಥದ್ದೇ ಒಂದು ಕಿಂಡಿ ತೋರಿಸಿದರು. ಎಐ ಕಂಪನಿ ಆಂಥ್ರೊಪಿಕ್ ಉದಾಹರಣೆಗೆಂದು ಕೊಟ್ಟಿದ್ದ ಪೋಸ್ಟ್‌ಗ್ರೆಸ್ ಎಂಸಿಪಿ ಸರ್ವರ್ (ಏಜೆಂಟನ್ನು ಡೇಟಾಬೇಸ್‌ಗೆ ಜೋಡಿಸುವ ಪ್ರೋಗ್ರಾಂ) ಪ್ರತಿ ಕ್ವೆರಿಯನ್ನೂ, ಅಂದರೆ ಡೇಟಾಬೇಸ್‌ಗೆ ಬರೆದ ಪ್ರತಿ ಪ್ರಶ್ನೆಯನ್ನೂ, ರೀಡ್ ಓನ್ಲಿ ಟ್ರಾನ್ಸಾಕ್ಷನ್ (ಒಂದು ಸರದಿಯ ಕೆಲಸ) ಒಳಗೇ ನಡೆಸುತ್ತಿತ್ತು. ಆದರೆ ಕ್ವೆರಿಯ ಮೊದಲಿಗೆ ‘ಕಮಿಟ್’ ಎಂದು ಬರೆದು ಸೆಮಿಕೋಲನ್ ಹಾಕಿದರೆ ಟ್ರಾನ್ಸಾಕ್ಷನ್ ಅಲ್ಲಿಗೇ ಮುಗಿಯುತ್ತಿತ್ತು. ಲಾಗಿನ್‌ಗೆ ಹಕ್ಕಿದ್ದರೆ ಅದರ ಮುಂದಿನ, ಟೇಬಲ್ ಅಳಿಸುವ ‘ಡ್ರಾಪ್’ ಕೂಡ ನಡೆದುಹೋಗುತ್ತಿತ್ತು. ಹಾಗಾಗಿ ಬೀಗ ಇರಬೇಕಾದದ್ದು ಲಾಗಿನ್‌ನಲ್ಲಿ. ಏಜೆಂಟ್‌ಗೆ ಬೇರೆ ಯೂಸರ್ ಮಾಡಿ, ಕೆಲವು ವ್ಯೂಗಳ (ಟೇಬಲ್‌ನ ಆಯ್ದ ಭಾಗ ಮಾತ್ರ ತೋರಿಸುವ ಕಿಟಕಿಗಳ) ಮೇಲೆ ‘ಸೆಲೆಕ್ಟ್’, ಅಂದರೆ ಓದುವ ಹಕ್ಕು ಮಾತ್ರ ಕೊಟ್ಟೆ. ಮೂಲ ಟೇಬಲ್‌ಗಳ ಮೇಲೆ ಅದಕ್ಕೆ ಯಾವ ಹಕ್ಕೂ ಇಲ್ಲ. ವ್ಯೂ ತನ್ನ ಮಾಲೀಕನ ಹಕ್ಕಿನಲ್ಲಿ ಓಡುತ್ತದೆ, ಆದ್ದರಿಂದ ಕೆಲಸ ನಿಲ್ಲುವುದಿಲ್ಲ.

ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ರ್‍ಯಾಮ್ ಹಾಕಿಸಿ ರೆಪ್ಲಿಕಾ (ಡೇಟಾಬೇಸ್‌ನ ಜೊತೆಜೊತೆಗೇ ಹೊಸದಾಗುವ ನಕಲು) ಮಾಡಿದ್ದೇನೆ, ಏಜೆಂಟ್ ಓದುವುದು ಇದನ್ನೇ. ಹಾಟ್ ಸ್ಟ್ಯಾಂಡ್‌ಬೈ ಎನ್ನುವ ಇಂಥ ನಕಲಿನ ಮೇಲೆ ಯಾರೇ ಆದರೂ ಬರೆಯಲಾಗದು, ಎಲ್ಲ ಹಕ್ಕಿರುವ ಸೂಪರ್ ಯೂಸರ್‌ಗೂ ಆಗದು. ಲಾರಿ ತೂಗುವ ವೇ ಬ್ರಿಡ್ಜ್ ಮುಂದೆ ಸಾಲು ನಿಂತಾಗ ಏಜೆಂಟ್‌ನ ಭಾರದ ಕ್ವೆರಿ ಬಿಲ್ಲಿಂಗಿಗೆ ಅಡ್ಡ ಬರುವುದಿಲ್ಲ. ಒಂದೇ ಕಿರಿಕಿರಿ, ಉದ್ದದ ಕ್ವೆರಿ ನಡುವೆ ರಿಕವರಿ ಕಾನ್‌ಫ್ಲಿಕ್ಟ್ (ಮೂಲದಿಂದ ಬಂದ ಬದಲಾವಣೆಗೆ ಕ್ವೆರಿ ಅಡ್ಡ ಬಂತು) ಎಂದು ಕಡಿದುಬೀಳುತ್ತಿತ್ತು. ಅದರ ಕಾಯುವ ಮಿತಿ ಮೊದಲಿಗೆ 30 ಸೆಕೆಂಡ್ ಇರುತ್ತದೆ, ಏರಿಸಿಕೊಂಡರೆ ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್ ಪುಕ್ಕಟೆ, ಏಜೆಂಟ್‌ನ ತಿಂಗಳ ಚಂದಾ ಮಾತ್ರ ಮಿಲ್ ಮಾಲೀಕರಾದ ಸಾಹುಕಾರ್ರ ಖಾತೆಗೆ.

ನನಗೆ ತುಂಬಾ ಹಿಡಿಸಿದ ಕೆಲಸ ಬೆಳಗಿನದು. ಮಿಲ್ ಶುರುವಾಗುವ ಮೊದಲು ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬಂದು, ಚಹಾ ತರಿಸಿ, ಹಿಂದಿನ ದಿನದ ಲಾಗ್ ತೆಗೆಯುತ್ತೇನೆ. ಏಜೆಂಟ್‌ನ ಯೂಸರ್‌ಗೆ ಪ್ರತಿ ಕ್ವೆರಿಯೂ ಲಾಗ್ ಆಗುವಂತೆ ಇಟ್ಟಿದ್ದೇನೆ. ಆ ಸೆಟ್ಟಿಂಗ್ ಬದಲಿಸಲು ಸೂಪರ್ ಯೂಸರ್ ಹಕ್ಕು ಬೇಕು, ಆದ್ದರಿಂದ ಏಜೆಂಟ್ ತಾನಾಗಿ ಅದನ್ನು ನಿಲ್ಲಿಸಲಾರದು. ಸಾಹುಕಾರ್ರು ಕೇಳಿದ್ದಕ್ಕೆ ಅದು ಎಲ್ಲಿ ಹುಡುಕಿತು, ಎಲ್ಲಿ ಎಡವಿ ಮತ್ತೆ ಬರೆಯಿತು, ಎಲ್ಲ ಸಾಲಾಗಿ ಸಿಗುತ್ತದೆ. ‘ಪರ್ಮಿಷನ್ ಡಿನೈಡ್’ ಎಂಬ ಸಾಲು ಕಂಡಾಗಲೆಲ್ಲ ಸಮಾಧಾನ, ರೈತರ ಬ್ಯಾಂಕ್ ಖಾತೆ ಇರುವ ಟೇಬಲ್ಲಿಗೆ ಅದು ಕೈ ಹಾಕಿ ವಾಪಸ್ ಬಂದದ್ದೂ ಅಲ್ಲೇ ಕಂಡಿತು.

ತಪ್ಪು ಸಿಕ್ಕಿದ್ದೂ ಆ ಲಾಗಿನಲ್ಲೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋಗಿತ್ತಲ್ಲ, ಸಾಹುಕಾರ್ರು ಆ ವರ್ಷದ್ದನ್ನು ಕೇಳಿದ್ದರು: “ಗೇಟ್ ಕಿತ್ಕೊಂಡು ಹೋದ ವರ್ಷ ಕಾರಟಗಿ ಕಡಿಂದ ಭತ್ತ ಎಷ್ಟ್ ಬಂದಿತ್ತು, ಈ ಸಲ ಎಷ್ಟ್ ಬಂದೈತಿ?” ಈ ಸಲ ಸುಮಾರು ಒಂದೂವರೆ ಪಟ್ಟು ಎಂದು ಏಜೆಂಟ್ ಉತ್ತರ ಕೊಟ್ಟಿತ್ತು, ಅನುಮಾನದ ಒಂದು ಮಾತೂ ಇಲ್ಲದೆ. ಅದನ್ನು ನಂಬಿ ಅವರು ಖರೀದಿ ಕಡಿಮೆ ಮಾಡಲು ದಲ್ಲಾಳಿಗೆ ಹೇಳುವವರಿದ್ದರು.

ಕ್ವೆರಿ ನೋಡಿದರೆ ಹೊಸ ಲೆಕ್ಕವನ್ನು ಅದು ವೇ ಬ್ರಿಡ್ಜ್‌ನ ಕೆಜಿಯಿಂದಲೇ ತೆಗೆದಿದೆ. ವೇ ಬ್ರಿಡ್ಜನ್ನು ಕಂಪ್ಯೂಟರಿಗೆ ಜೋಡಿಸುವ ಮೊದಲಿನ ವರ್ಷಕ್ಕೆ ಚೀಲದ ಸಂಖ್ಯೆ ಮಾತ್ರ ಇತ್ತು. ಅದನ್ನು ತಾನೇ 50ರಿಂದ ಗುಣಿಸಿಬಿಟ್ಟಿದೆ! ನಮ್ಮ ಕಡೆ ಭತ್ತದ ಚೀಲ 75 ಕೆಜಿ, ಯಾವ ಹಮಾಲರನ್ನು ಕೇಳಿದರೂ ಹೇಳುತ್ತಾರೆ. ನೂರು ಚೀಲ ಅಂದರೆ 7,500 ಕೆಜಿ, ಏಜೆಂಟ್ ಲೆಕ್ಕದಲ್ಲಿ 5,000. ಎರಡೂ ವರ್ಷ ಬಂದದ್ದು ಹೆಚ್ಚುಕಡಿಮೆ ಒಂದೇ. ಡೇಟಾಬೇಸ್‌ನಲ್ಲಿ ಒಂದಂಕಿಯೂ ಕೆಟ್ಟಿರಲಿಲ್ಲ, ಆದರೂ ಕೆಡುಕು ಬಾಗಿಲಿಗೆ ಬಂದಿತ್ತು. ಅಂದು ಇಡೀ ದಿನ ನನಗೆ ಈ ಏಜೆಂಟ್ ಮೇಲೆ ಸಿಟ್ಟಿತ್ತು. ಗೊತ್ತಿಲ್ಲದಿದ್ದರೆ ಕೇಳಬಾರದೇ? ಹೊಸ ಗುಮಾಸ್ತನಾದರೂ ಕೇಳುತ್ತಾನೆ.

ಅಕ್ಕಿಯಲ್ಲಿ ಇನ್ನೂ ತೊಡಕು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಇರುವ ಪ್ಯಾಕ್‌ಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಮಿಲ್‌ಗಳು 26 ಕೆಜಿ ಚೀಲ ತುಂಬತೊಡಗಿದವು. ಆ ತಾರೀಖಿನ ಆಚೆ ಈಚೆ ಬಿಲ್ಲಿನಲ್ಲಿ ಚೀಲದ ಸಂಖ್ಯೆ ಒಂದೇ ಇದ್ದರೂ ತೂಕ ಬೇರೆ. ಇದು ಹೊರಗಿನ ಏಜೆಂಟ್‌ಗೆ ಹೇಗೆ ತಿಳಿಯಬೇಕು!

ಪರಿಹಾರ ಸಿಕ್ಕಿದ್ದು ಬಂದೋಬಸ್ತಿಗೆಂದು ಮಾಡಿದ್ದ ವ್ಯೂಗಳಲ್ಲೇ. ಚೀಲದ ಕಾಲಂ ತೆಗೆದು, ಲೆಕ್ಕ ಹಾಕಿದ ಕೆಜಿ ಕಾಲಂ ಮಾತ್ರ ಇಟ್ಟೆ. ರೈತರ ಫೋನ್ ನಂಬರ್ ಮೊದಲೇ ಕೈಬಿಟ್ಟಿದ್ದೆ. ಷರಾ ಕಾಲಂ ಕೂಡ ಕೈಬಿಟ್ಟೆ, ಅಲ್ಲಿ ಯಾರಾದರೂ ಟೈಪ್ ಮಾಡಿದ ಸಾಲನ್ನು ಏಜೆಂಟ್ ತನಗೆ ಕೊಟ್ಟ ಆಜ್ಞೆ ಎಂದು ಪಾಲಿಸುವ ಅಪಾಯ ಇದೆ. ಆಮೇಲೆ ಪ್ರತಿ ಕಾಲಂಗೂ ಪೋಸ್ಟ್‌ಗ್ರೆಸ್‌ನ ‘ಕಾಮೆಂಟ್’ ಸೌಲಭ್ಯದಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದೆ: “ಇದು ತೇವಾಂಶ ಕಡಿತಕ್ಕೆ ಮುಂಚಿನ ತೂಕ. ರೈತರಿಗೆ ಕೊಟ್ಟ ಹಣ ಇದರ ಮೇಲೆ ಅಲ್ಲ.” ಮರುದಿನ ಲಾಗ್ ತೆಗೆದರೆ, ಕ್ವೆರಿ ಬರೆಯುವ ಮೊದಲು ಏಜೆಂಟ್ ಆ ಟಿಪ್ಪಣಿಗಳನ್ನು ಕೇಳಿ ಓದಿತ್ತು. ಉತ್ತರದಲ್ಲೂ ‘ತೇವಾಂಶ ಕಡಿತಕ್ಕೆ ಮುಂಚೆ’ ಎಂದು ಸೇರಿಸಿತ್ತು. ಬಹಳ ಖುಷಿಯಾಯಿತು. ಇಪ್ಪತ್ತು ವರ್ಷ ಕಾಟಾ ನೋಡಿದ ನಮ್ಮ ಹಿರಿಯ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಟಿಪ್ಪಣಿಗಳನ್ನು ಬರೆದದ್ದು. ಅವರ ತಲೆಯಲ್ಲಿದ್ದದ್ದು ಈಗ ಡೇಟಾಬೇಸ್‌ನಲ್ಲಿದೆ. ಏಜೆಂಟ್ ನಾಳೆ ಬದಲಾದರೂ ಅವು ಉಳಿಯುತ್ತವೆ.

ವ್ಯೂನಲ್ಲಿ ಇಲ್ಲದ್ದನ್ನು ಕೇಳಿದರೆ ‘ಇಲ್ಲ’ ಎನ್ನುವ ಬದಲು ಹತ್ತಿರದ ಕಾಲಂ ಹಿಡಿದು ಊಹಿಸುವ ಚಟ ಇನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದ ಖರೀದಿ, ದಾಸ್ತಾನು, ಮಾರಾಟದ ಲೆಕ್ಕಕ್ಕೆ ಧೈರ್ಯವಾಗಿ ಬಳಸಿ, ಲಾಗ್ ಓದುವವರು ಒಬ್ಬರಿದ್ದರೆ. ಸಾಹುಕಾರ್ರು ಈಗ ರೈತರ ಬಾಕಿಯದ್ದೂ ಒಂದು ವ್ಯೂ ಕೊಡಿ ಎನ್ನುತ್ತಿದ್ದಾರೆ. ಅದನ್ನು ಕೊಟ್ಟಿಲ್ಲ. ಬಾಕಿ ಕೇಳಲು ಬಂದ ರೈತರಿಗೆ ಗುಮಾಸ್ತರೇ ಖಾತೆ ತೆಗೆದು ಹೇಳುತ್ತಾರೆ.